ಅತ್ತೆಯ ಕಾಲಿಗೆ ನಾನು ಕಾವಲು

ಸೂಕ್ಷ್ಮಾಣುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಅವುಗಳ ಚಿತ್ರ ಬರೆದು, ಭಾಗ ಗುರುತಿಸಿ ಪಾಸಾದವನು ನಾನು. ಆಮೇಲೆ ಗಜೇಂದ್ರಗಡದಲ್ಲಿ ಅಪ್ಪನ ಜವಳಿ ಅಂಗಡಿಯಲ್ಲಿ ಕುಳಿತೆ ಎಂಬುದು ಬೇರೆ ಮಾತು. ಕಲಿತ ವಿದ್ಯೆ ಎಲ್ಲಿಗೆ ಹೋಗುತ್ತದೆ?

ನಮ್ಮ ಅತ್ತೆ ಯಾವಗಲ್ಲಿನವರು. ಹೊಲದಲ್ಲಿ ಹೆಸರುಕಾಯಿ ಬಿಡಿಸುವಾಗ ಕಾಲಿಗೆ ಜಾಲಿ ಮುಳ್ಳು ನಟ್ಟಿತು. ಅದನ್ನು ಯಾರಿಗೂ ಹೇಳದೆ ಸುಗ್ಗಿ ಮುಗಿಸಿದರು. ಕಾಲು ಬಾತುಕೊಂಡ ಮೇಲೆ ರೋಣದ ಒಂದು ದವಾಖಾನೆಗೆ ಸೇರಿಸಿದೆವು. ಸಣ್ಣ ಆಪರೇಷನ್ ಆಯಿತು. ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಶಾಂತಾಳನ್ನೂ ಹೊರಗೆ ಕರೆದು ಹೇಳಿದರು:

"ಕೀವು ತಗದೀವಿ. ಆದ್ರ ಇವರಿಗೆ ಸಕ್ಕರಿ ಬ್ಯಾನಿ ಐತಿ. ಇನ್ನೊಮ್ಮೆ ನಂಜಾತಂದ್ರ ಪಾದ ಉಳಿಸೂದು ಕಷ್ಟ. ನೋಡಾಕ ಬರೋರಿಗೆ ಕೈ ತೊಳಕೊಂಡ ಒಳಗ ಬರಾಕ ಹೇಳ್ರಿ."

"ಅದನ್ನ ನನಗ ಬಿಡ್ರಿ ಸರ್!" ಎಂದೆ.

ಶಾಂತಾ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಅಭಿಮಾನವಿತ್ತೆಂದು ಆಗ ತಿಳಿದಿದ್ದೆ.

ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಬೆಂಚು ಎಳೆದು ಕುಳಿತೆ. ಎದುರಿಗೆ ನಲ್ಲಿ. ನಲ್ಲಿಯ ಪಕ್ಕ ನಾನೇ ತಂದಿಟ್ಟ ಸಾಬೂನು. ಹೆಗಲ ಮೇಲೆ ನಮ್ಮ ಅಂಗಡಿಯದೇ ಹೊಸ ಬಿಳಿ ಟವೆಲ್. ಒಂದು ಸೂಕ್ಷ್ಮಾಣು ಒಳಗೆ ಹೋಗಲಿ ನೋಡೋಣ!

ಮಧ್ಯಾಹ್ನ ಯಾವಗಲ್ಲಿನಿಂದ ಟ್ರ್ಯಾಕ್ಟರ್ ಬಂತು. ಟ್ರೇಲರ್ ತುಂಬ ನಮ್ಮ ಬೀಗರು. ದವಾಖಾನೆಯಲ್ಲಿದ್ದವರನ್ನು ನೋಡಲು ಹೋಗದಿದ್ದರೆ ನಮ್ಮ ಕಡೆ ಮೊಮ್ಮಕ್ಕಳ ಮದುವೆಯಲ್ಲೂ ಅದರ ವಿಚಾರಣೆ ನಡೆಯುತ್ತದೆ. ಎಲ್ಲರಿಗಿಂತ ಮುಂದೆ ಅತ್ತೆಯ ತಮ್ಮ ನಿಂಗಪ್ಪ ಮಾವ.

"ಏನ್ರಿ ಅಳಿಯಂದ್ರ, ನಮ್ಮ ಅಕ್ಕನ್ನ ನೋಡಾಕ ನಿಮ್ಮ ಪರವಾನಗಿ ಬೇಕೇನ?"

"ಪರವಾನಗಿ ಬ್ಯಾಡ್ರಿ ಮಾವಾರ, ಸಾಬೂನು ಸಾಕು. ಉಗುರಿನ ಸಂದ್ಯಾಗೂ ತಿಕ್ಕರಿ."

ಮಾವ ಗೊಣಗುತ್ತಲೇ ತಿಕ್ಕಿದರು. ತೊಳೆದ ಕೈಯನ್ನು ಧೋತರಕ್ಕೆ ಒರೆಸಲು ಹೊರಟರು. ನಾನು ಹೌಹಾರಿದೆ.

"ಧೋತರಕ್ಕ ಬ್ಯಾಡ್ರಿ! ಟ್ರ್ಯಾಕ್ಟರಿನ ಧೂಳೆಲ್ಲಾ ಅದರಾಗೈತಿ. ತಗೋರಿ, ಇದಕ್ಕ ಒರಸ್ರಿ!"

ಹೀಗೆ ನನ್ನ ಟವೆಲ್ ಸೇವೆಗೆ ಇಳಿಯಿತು. ಮಾವ ಕೈ ಒರೆಸಿ, ಸಿಕ್ಕಿದೆಯಲ್ಲ ಎಂದು ತಂಬಾಕಿನ ಮೀಸೆಯನ್ನೂ ಒರೆಸಿದರು. ಅವರ ಹಿಂದಿನವರು, ಅವರ ಹಿಂದಿನವರು, ಸೆರಗಿಗೆ ಒರೆಸಲು ಹೋದ ಹೆಣ್ಣುಮಕ್ಕಳು, ಎಲ್ಲರಿಗೂ ಅದೇ ಟವೆಲ್. ಒಬ್ಬ ಚಿಗವ್ವ ನೆಗಡಿಯ ಮೂಗನ್ನೂ ಅದಕ್ಕೇ ಒಪ್ಪಿಸಿ, "ಭಾಳ ಮೆತ್ತಗೈತ್ರಿ, ನಿಮ್ಮ ಅಂಗಡೀದೇನು?" ಎಂದು ಕೇಳಿದಳು. ನಾನು ಹಿಗ್ಗಿದೆ!

ಟ್ರ್ಯಾಕ್ಟರ್ ಹೋದ ಮೇಲೆ ಟವೆಲನ್ನು ಒಮ್ಮೆ ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡೆ. ಝಾಡಿಸಿದರೆ ಶುದ್ಧ. ಇದು ಯಾವ ಪುಸ್ತಕದಲ್ಲಿತ್ತೋ ನೆನಪಿಲ್ಲ.

ಸಂಜೆ ಸಿಸ್ಟರ್ ಬಂದು ಗಾಯದ ಪಟ್ಟಿ ಬಿಚ್ಚಿದರು. ಅಷ್ಟರಲ್ಲಿ ಬಾಜೂ ವಾರ್ಡಿನಲ್ಲಿ ಯಾರೋ ಕೂಗಿದ್ದಕ್ಕೆ, "ಮುಟ್ಟಬ್ಯಾಡ್ರಿ, ಈಗ ಬಂದೆ" ಎಂದು ಓಡಿದರು.

"ಅಳಿಯಂದ್ರ, ಗಾಯದ ಮ್ಯಾಲೆ ನೊಣ ಕುಂದರಾಕ ಹತ್ತೇತಿ ನೋಡ್ರಿ," ಎಂದರು ಅತ್ತೆ.

ನಾನು ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ತೆರೆದ ಗಾಯದ ಮೇಲೆ ಹೊದಿಸಿದೆ!

ಸಿಸ್ಟರ್ ಬಾಗಿಲಲ್ಲೇ ನಿಂತರು. "ಏನ್ರಿ ಅದು?"

"ಟವೆಲ್. ಸ್ವಚ್ಛ ಐತ್ರಿ. ಹೊಸಾದು."

ಅವರು ಒಂದು ತುದಿ ಹಿಡಿದೆತ್ತಿದರು. "ಹೊಸಾದು ಹಸಿ ಹ್ಯಾಂಗಾತ್ರಿ?"

ನನ್ನ ಬಾಯಿ ಒಣಗಿತು. ಆ ಕೋಣೆಯಲ್ಲಿ ಒಣಗಿದ್ದು ಅದೊಂದೇ.

ರೊಟ್ಟಿ ಬುತ್ತಿ ಹಿಡಿದು ಒಳಗೆ ಬಂದ ಶಾಂತಾ ಎಲ್ಲವನ್ನೂ ನೋಡಿದಳು. "ರೀ, ಅದಕ್ಕ ಯಾರ್ಯಾರು ಕೈ ಒರಸ್ಯಾರ?" ಎಂದಳು ಮೆಲ್ಲಗೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಗಾಯವನ್ನು ಮತ್ತೆ ತೊಳೆದರು. ಆದರೂ ಮರುದಿನ ಅತ್ತೆಗೆ ಚಳಿಜ್ವರ. ಪಾದ ಕೆಂಪಾಗಿ ಬಾತಿತ್ತು. ಡಾಕ್ಟರು ನನ್ನ ಕಥೆಯನ್ನು ಪೂರ್ತಿ ಕೇಳಿದರು.

"ಕೈ ತೊಳಿಸಿದ್ದು ಖರೇನ ಚಲೋ ಆತು. ಆದ್ರ ತೊಳದ ಕೈಯೆಲ್ಲಾ ಒಂದ ಹಸಿ ಅರಿವಿಗೆ ಒರಸಿದ್ರ, ಒಬ್ಬರದು ಇನ್ನೊಬ್ಬರಿಗೆ ಹತ್ತತೈತಿ. ಕೈ ಗಾಳಿಗೇ ಒಣಗಲಿ."

"ಹಂಗಾರ ಈ ನಂಜು ನನ್ನ ಟವೆಲಿಂದನ ಬಂತೇನ್ರಿ?"

"ಅದರಿಂದನ ಅನ್ನಾಕ ಬರೂದಿಲ್ಲ. ಅಲ್ಲ ಅನ್ನಾಕೂ ಬರೂದಿಲ್ಲ."

ಆ ಎರಡನೆಯ ವಾಕ್ಯ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅತ್ತೆಯನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ದಾಗ ನಾನು ಅದೇ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲಲ್ಲಿ ಎಷ್ಟು ಜನರನ್ನು ತಡೆದಿದ್ದೆ! ಯಾರನ್ನು ತಡೆಯಬೇಕಿತ್ತೋ ಅವನನ್ನು ನಾನೇ ಬೆಂಚು ಹಾಕಿ ಕೂರಿಸಿದ್ದೆ. ಒಳಗಿದ್ದವರು ಬದುಕಿನುದ್ದಕ್ಕೂ ಹೊಲಕ್ಕೆ ನಡೆದುಹೋದ ಹೆಂಗಸು. ಆ ಕಾಲು ಹೋದರೆ ಅವರಿಗೆ ಏನು ಉಳಿಯುತ್ತದೆ ಎಂದು ಯೋಚಿಸುತ್ತಿದ್ದಂತೆ ಅಂಗೈ ಬೆವರಿತು. ಒರೆಸಿಕೊಳ್ಳಲು ಹೆಗಲಿಗೆ ಕೈ ಹೋಯಿತು. ಟವೆಲ್ ಇರಲಿಲ್ಲ. ದೇವರು ದೊಡ್ಡವನು!

ಪಾದ ಉಳಿಯಿತು. ಬಾವು ಇಳಿಯಲು ದಿನಗಳು ಹಿಡಿದವು. ಅಷ್ಟೂ ದಿನ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಪ್ರತಿ ಸಲ ಕೈಗೆ ಔಷಧ ಹಚ್ಚಿ, ತಿಕ್ಕಿ, ಸುಮ್ಮನೆ ಒಣಗಿಸಿಕೊಳ್ಳುವುದನ್ನು ನೋಡುತ್ತ ಕುಳಿತೆ. ಮೊದಲೂ ಅವರು ಹಾಗೇ ಮಾಡುತ್ತಿದ್ದರಂತೆ. ನಾನು ಸೂಕ್ಷ್ಮಾಣು ಕಾಯುವುದರಲ್ಲಿ ಮಗ್ನನಾಗಿದ್ದೆ.

ಮೊನ್ನೆ ಯಾವಗಲ್ಲಿಗೆ ಹೋಗಿದ್ದೆ. ಅತ್ತೆ ತಾವೇ ನಡೆದು ಬಂದು ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟರು. ಕೈಕಾಲು ತೊಳೆದು ಕೈ ಚಾಚಿದೆ. ಅಳಿಯನಿಗೆ ನೀರಿನ ಹಿಂದೆಯೇ ಟವೆಲ್ ಬರುವುದು ಆ ಮನೆಯ ರೂಢಿ. ಬರಲಿಲ್ಲ.

"ಅತ್ತಿ, ಟವೆಲ್?"

"ಗಾಳಿ ಐತಲ್ರಿ ಅಳಿಯಂದ್ರ," ಎಂದರು ಅತ್ತೆ. "ನಿಂದರ್ರಿ, ಒಣಗತಾವು."

ಕಟ್ಟೆಯ ಮೇಲಿದ್ದ ನಿಂಗಪ್ಪ ಮಾವ ಮೀಸೆಯೊಳಗೇ ನಕ್ಕರು. ಓದಿದ ಅಳಿಯನಾದ ನಾನು ಅಂಗಳದ ನಡುವೆ ಎರಡೂ ಕೈ ಎತ್ತಿ, ಗಾಳಿ ಬೀಸುವುದನ್ನು ಕಾಯುತ್ತ ನಿಂತೆ.