ಹೂಕೋಸಿನ ಮೆದುಳು, ದೇವಾಲದ ಕೈ

ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಗೂಡಲೂರು ಸುತ್ತ ಎಲ್ಲರಿಗೂ ನಾನು ‘ಕೈಕಾಲು ಮೇಡಂ’. ಮೆದುಳಿನ ವಿಷಯ ನನಗಿಂತ ತಿಳಿದವರು ಈ ಕಡೆ ಯಾರೂ ಇಲ್ಲ ಅಂತ ನನಗೊಂದು ಜಂಬ. ಆ ಜಂಬಕ್ಕೆ ಆಗಾಗ ಪೆಟ್ಟು ಬೀಳುತ್ತಲೇ ಇರುತ್ತದೆ. ಜಾಸ್ತಿ ಬಿದ್ದದ್ದು ಹತ್ತಿರದ ದೇವಾಲ ಎಂಬ ಊರಿನ ಒಂದೇ ಮನೆಯಲ್ಲಿ.

೧. ವೈರಿಂಗ್

ಅದು ಟೀ ಎಸ್ಟೇಟಿನವರು ಕೆಲಸಗಾರರಿಗೆ ಕೊಟ್ಟ ಸಾಲುಮನೆ, ಅಂದರೆ ಲೈನ್ ಮನೆ. ಮನೆಯವರು ಗುಂಡ್ಲುಪೇಟೆ ಕಡೆಯಿಂದ ಬಂದವರು. ಮೂವತ್ತು ವರ್ಷ ಎಲೆ ಕಿತ್ತ ಅಕ್ಕನಿಗೆ ಸ್ಟ್ರೋಕ್ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಅವರ ಯಜಮಾನರು ಆಗಲೇ ರಿಟೈರ್ ಆಗಿದ್ದರು. ಅಕ್ಕನ ಕೈ ಬರದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು.

ಒಂದು ಹೂಕೋಸು ಮುಂದಿಟ್ಟುಕೊಂಡು ಪಾಠ ಶುರು ಮಾಡಿದೆ. “ಇದು ಮೆದುಳು ಅಂದ್ಕೊಳ್ಳಿ. ಮುಂದಿನದು ಯೋಚನೆಗೆ, ಹಿಂದಿನದು ನೋಟಕ್ಕೆ, ಎಡಗಡೆ ಮಾತಿಗೆ. ಹಿಂದೆ ಕೆಳಗಿರೋದು ಕಿರುಮೆದುಳು. ಬೀಳದ ಹಾಗೆ ನಿಲ್ಲಿಸುತ್ತೆ, ಕೈಗೆ ರೂಢಿಯಾದ ಕೆಲಸಾನ ಮರೆಯೋಕೆ ಬಿಡಲ್ಲ. ಎಡಗಡೆ ಕೆಟ್ಟಿದ್ದಕ್ಕೇ ಇವರ ಬಲಗೈ ಬಿದ್ದಿರೋದು.”

ಯಜಮಾನರು ತಲೆ ಕೆರೆದುಕೊಂಡರು. “ಹಂಗಾದ್ರ ಈ ವೈರಿಂಗ್ ಮಾಡ್ದೋನು ನಮ್ಮ ಲೈನಿಗ ಕರೆಂಟ್ ಎಳ್ದೋನೇ ಇರ್ಬೇಕು ಕನವ್ವ. ಇಲ್ಲಿ ಸ್ವಿಚ್ ಒತ್ತುದ್ರ ಪಕ್ಕದ ಮನ ಬಲ್ಬ್ ಉರಿತದ!”

೨. ಆಯ್ತು

ಮುಂದಿನ ವಾರ ಹೋದಾಗ ನನ್ನ ಮೆದುಳು ಸಾರಾಗಿತ್ತು. ನನಗೂ ಒಂದು ಬಟ್ಟಲು ಕೊಟ್ಟಿದ್ದರಿಂದ ಬೈಯಲಾಗಲಿಲ್ಲ.

ಅಕ್ಕನಿಗೆ ಉಳಿದಿದ್ದು ಒಂದೇ ಮಾತು. “ನೋವಿದೆಯಾ?” ಅಂದರೆ “ಆಯ್ತು.” “ನೀರು ಬೇಕಾ?” ಅಂದರೂ “ಆಯ್ತು.” ಮಾತಿನ ಜಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು, ಸರಿ ಮಾಡೋಣ ಎಂದು ಧೈರ್ಯ ಹೇಳಿದೆ.

ಯಜಮಾನರು ನನ್ನನ್ನು ಬಾಗಿಲಾಚೆ ಕರೆದು ಪಿಸುಗುಟ್ಟಿದರು: “ಮದುವ ಆದಾಗಿಂದ ನಾ ಏನೇಳುದ್ರೂ ಒಂದ್ಸಲ ಆಯ್ತು ಅಂದೋಳಲ್ಲ. ಕೈಯೊಂದ ರಿಪೇರಿ ಮಾಡಿ, ಇದ ಹಂಗೇ ಬುಟ್ಬುಡಿ ಮೇಡಂ.” ನಗುತ್ತಲೇ ಹೇಳಿದವರು ಆಮೇಲೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

೩. ಮುತ್ತೆಲೆ

ಐದು ತಿಂಗಳು ಬೆವರು ಸುರಿಸಿದ ಮೇಲೆ ಅಕ್ಕನ ಕೈ ಕೆಲಸಕ್ಕೆ ಬಂದೀತೇ ಎಂದು ಎಸ್ಟೇಟಿನ ಅಧಿಕಾರಿ ಪರೀಕ್ಷೆಗೆ ಬಂದರು. ನಾನು ಗತ್ತಿನಿಂದ ಬಟ್ಟೆ ಕ್ಲಿಪ್ಪು, ಗುಂಡಿ ಎಲ್ಲ ಜೋಡಿಸಿದೆ. ಅಕ್ಕನ ಬೆರಳು ತಡವರಿಸಿ ಕ್ಲಿಪ್ಪು ಹಾರಿ ಮಂಚದ ಕೆಳಗೆ ಬಿತ್ತು. ಅನರ್ಹರು ಎಂದು ಬರೆಯಲು ಅಧಿಕಾರಿ ಪೆನ್ನು ತೆಗೆದರು.

“ಸಾರ್, ಇವರು ಮೂವತ್ತು ವರ್ಷ ಕ್ಲಿಪ್ ಕಿತ್ತವರಾ? ಗಿಡದ ಹತ್ರ ನಡೀರಿ!” ಎಂದೆ, ಸ್ವಲ್ಪ ಜೋರಾಗಿಯೇ.

ಹೆಗಲಿಗೆ ಚೀಲ ಹಾಕಿದ್ದೇ ತಡ, ಅಕ್ಕ ನೆಟ್ಟಗೆ ನಿಂತರು. ಮೊದಲು ನಿಧಾನವಾಗಿ, ಆಮೇಲೆ ಚಕಚಕನೆ, ಎರಡೆಲೆ ಒಂದು ಕುಡಿ, ಎರಡೆಲೆ ಒಂದು ಕುಡಿ. ಕಿರುಮೆದುಳು ನನ್ನ ಮರ್ಯಾದೆ ಉಳಿಸಿತ್ತು. ಹೆಮ್ಮೆಯಿಂದ ಅಧಿಕಾರಿಯ ಕಡೆ ನೋಡಿದೆ.

ಅಧಿಕಾರಿಗೂ ಹುರುಪು ಬಂತು. “ಹೀಗೆ ತಾನೇ?” ಎಂದು ಬಲಿತ ಮುತ್ತೆಲೆಯನ್ನೂ ಬಿಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಅಕ್ಕನ ಚೀಲಕ್ಕೆ ತುರುಕಿದರು. ಅಕ್ಕನ ಬಲಗೈ ಎದ್ದು ಅವರ ಕೈಮೇಲೆ ಪಟಾರನೆ ಬಿತ್ತು.

“ಮುತ್ತೆಲ ಕೀಳ್ಬ್ಯಾಡ! ಕಣ್ಣಿಲ್ವಾ?”

ಮೂವತ್ತು ವರ್ಷ ಮೇಸ್ತ್ರಿಗಳಿಂದ ಕೇಳಿಸಿಕೊಂಡಿದ್ದ ಬೈಗುಳ ಒಂದಕ್ಷರ ಬಿಡದೆ ಹೊರಬಂದಿತ್ತು. ಅಧಿಕಾರಿ ಕೈ ಉಜ್ಜಿಕೊಳ್ಳುತ್ತ, “ಮೇಡಂ, ಬಲ ಎಷ್ಟು ಬಂದಿದೆ ಅಂತ ಅಳೆಯೋದು ಬೇಡ” ಎಂದು ಸಹಿ ಹಾಕಿದರು. ಕೆಲಸ ಉಳಿಯಿತು, ಮನೆಯೂ ಉಳಿಯಿತು.

ಯಜಮಾನರು ಸಂಭ್ರಮದಿಂದ ಹತ್ತಿರ ಬಂದು, “ಇನ್ನೊಂದು ತಿಂಗ್ಳು ಸುಧಾರಿಸ್ಕೊಂಡು ಕೆಲ್ಸಕ್ಕ ಹೋಗು, ಆಯ್ತಾ?” ಎಂದರು.

ಅಕ್ಕ ಗಂಡನನ್ನು ದಿಟ್ಟಿಸಿ ನೋಡಿ, ಸ್ಪಷ್ಟವಾಗಿ ಹೇಳಿದರು: “ಆಗಲ್ಲ!”

ಯಜಮಾನರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

“ಅದನ್ನೂ ರಿಪೇರಿ ಮಾಡೇಬುಟ್ರಲ್ಲ ಮೇಡಂ!”