ಕುದುರೆ, ಪೀಠೋಪಕರಣ ಸಂಖ್ಯೆ ೪೭

೨೦೦೪ನೇ ಇಸವಿಯಲ್ಲಿ ಅಂಕೋಲೆಯ ಕಡಲತೀರ ಉತ್ತೇಜನ ಘಟಕದಲ್ಲಿ ನಲವತ್ತೇಳು ಪೀಠೋಪಕರಣಗಳಿದ್ದವು. ಅವುಗಳಲ್ಲಿ ನಲವತ್ತಾರು ಹುಲ್ಲು ತಿನ್ನುತ್ತಿರಲಿಲ್ಲ.

ಪ್ರವಾಸಿಗರಿಗೆ ದಡದ ಮೇಲೆ ಸವಾರಿ ಮಾಡಿಸಲು ಒಂದು ಕುದುರೆ ಬೇಕೆಂದು ಘಟಕವು ಟೆಂಡರ್ ಕರೆದಿತ್ತು. ಕುದುರೆಗೆ ನಾಲ್ಕು ಕಾಲು, ಒಂದು ಬಾಲ ಇರತಕ್ಕದ್ದು ಎಂದು ಷರತ್ತಿನಲ್ಲಿ ಸ್ಪಷ್ಟವಾಗಿ ನಮೂದಿಸಲಾಗಿತ್ತು. ಎತ್ತರ ನಮೂದಿಸಿರಲಿಲ್ಲ. ಅತಿ ಕಡಿಮೆ ದರ ಬರೆದ ಗುತ್ತಿಗೆದಾರ ಕಾಲು, ಬಾಲ ಎಣಿಸಿ ಒಪ್ಪಿಸಿ, ರಸೀದಿ ಪಡೆದು, ಬಾಳೆಗುಳಿಯಲ್ಲಿ ಬಸ್ಸು ಹತ್ತಿ ಹೋದ. ಬಂದದ್ದು ಮೂವತ್ತು ಇಂಚಿನ ಗಿಡ್ಡ ಕುದುರೆ. ಅದರ ಮೇಲೆ ಕೂತ ಮೊದಲ ಪ್ರವಾಸಿಯ ಎರಡೂ ಪಾದ ನೆಲದಲ್ಲೇ ಇದ್ದುದರಿಂದ, ಅವರು ಸವಾರಿ ಮಾಡಿದರೋ ನಡೆದರೋ ಎಂಬುದು ತೀರ್ಮಾನವಾಗದೆ ಯೋಜನೆಯನ್ನು ನಿಲ್ಲಿಸಲಾಯಿತು.

ಇನ್ನು ದಾಖಲಿಸುವ ಪ್ರಶ್ನೆ. ಕಚೇರಿಯ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ವಾಹನ, ಯಂತ್ರ, ಪೀಠೋಪಕರಣ ಎಂದು ಮೂರೇ ಕಾಲಂ. ವಾಹನವೆಂದರೆ ಚಾಲಕನ ಹುದ್ದೆ ಮಂಜೂರಾಗಬೇಕು. ವ್ಯವಸ್ಥಾಪಕಿ ಜಯಂತಿ ಮೇಡಂ ಟೇಪು ಹಿಡಿದು ಅಳೆದರು. ತಮ್ಮ ಮೇಜಿನ ಎತ್ತರವೇ ಬಂತು, ಬಣ್ಣವೂ ಸಾಗುವಾನಿಯದೇ. ಕಟ್ಟಿಹಾಕಿದರೆ ಎಲ್ಲಿಗೂ ಹೋಗುವುದಿಲ್ಲ. ಹೀಗೆ ಅದು ಪೀಠೋಪಕರಣವಾಯಿತು, ನಿಯಮದಂತೆ ತೊಡೆಯ ಮೇಲೆ ಬಿಳಿ ಪೇಂಟಿನಲ್ಲಿ ಸಂಖ್ಯೆಯೂ ಬಿತ್ತು.

ನೋಡಿಕೊಳ್ಳುವ ಕೆಲಸ ಹಟ್ಟಿಕೇರಿಯ ಶಾಂತಾರಾಮನ ತಲೆಗೆ ಬಂತು. ಹನ್ನೆರಡು ವರ್ಷಗಳಿಂದ ಅವನು ಅಲ್ಲಿನ ದಿನಗೂಲಿ ಜವಾನ. ಕಚೇರಿಯ ಬಾಗಿಲು ತೆಗೆಯುವವನೂ ಅವನೇ, ಹಾಕುವವನೂ ಅವನೇ. ಆದರೆ ದಾಖಲೆಯ ಪ್ರಕಾರ ಅಂಥವನೊಬ್ಬ ಅಲ್ಲಿರಲೇ ಇಲ್ಲ. ಅವನನ್ನು ಖಾಯಂ ಮಾಡುವ ಕಡತ ಏಳು ವರ್ಷಗಳಿಂದ ಮೇಡಂ ಮೇಜಿನ ಮೇಲೆ ಮಲಗಿತ್ತು.

"ಕುದುರೆ ಚೆಂದ ಇಟ್ಕೋ ಶಾಂತಾರಾಮ," ಎಂದರು ಮೇಡಂ. "ಅದು ಚೆಂದ ಇದ್ರೆ ನಿನ್ ಫೈಲಿಗೆ ಸಹಿ ಹಾಕಿ ಕಾರವಾರಕ್ಕೆ ಕಳಸ್ತೆ. ಅದಕ್ಕೆ ಏನಾದ್ರೂ ಆಯ್ತೋ, ಮತ್ತೆ ನನ್ನ ಕೇಳೂಕೆ ಬರಬೇಡ."

ಅಂದಿನಿಂದ ಕುದುರೆಯ ಜೀವವೂ ಅವನ ನೌಕರಿಯೂ ಒಂದೇ ಗೂಟಕ್ಕೆ ಬಿದ್ದವು. ಅವನು ಅದನ್ನು ಎಷ್ಟು ಮುದ್ದಿನಿಂದ ಸಾಕಿದನೆಂದರೆ ಹೆಂಡತಿ ಬೊಮ್ಮಿಗೆ ಹೊಟ್ಟೆಕಿಚ್ಚು ಬಂತು. "ಅದರ ಜುಟ್ಟು ದಿನಾ ಬಾಚ್ತ್ರಿ. ನನ್ನ ತಲಿಗೆ ಎಣ್ಣೆ ಅದ್ಯೋ ಇಲ್ವೋ, ಒಂದಿನ ಕೇಳಿದ್ರಾ?" ಎಂದಳು. ಪೀಠೋಪಕರಣಕ್ಕೆ ಹುಲ್ಲು ಹಾಕಲು ಅವಕಾಶವಿರಲಿಲ್ಲ. ಪಾಲಿಶ್ ಹಾಕಲು ಇತ್ತು. ಆದ್ದರಿಂದ ಒಣಹುಲ್ಲು, ಹುರುಳಿ ಎಲ್ಲ ಪಾಲಿಶ್ ಎಂಬ ಹೆಸರಿನಲ್ಲೇ ಬಂದವು. ಕುದುರೆ ಹೊಳೆಯುತ್ತಲೂ ಇತ್ತು. ಯಾರೂ ಆಕ್ಷೇಪಿಸಲಿಲ್ಲ.

ಮೇ ತಿಂಗಳಲ್ಲಿ ಎಡವಟ್ಟಾಯಿತು. ಕಚೇರಿಯಲ್ಲಿ ತಮ್ಮ ಕೆಲಸ ಮಾಡಿಸಿಕೊಳ್ಳಲು ಬಂದವರೆಲ್ಲ, ಮೇಡಮ್ಮನ್ನು ಒಲಿಸಿಕೊಳ್ಳುವುದಕ್ಕಿಂತ ಕುದುರೆಯನ್ನು ಒಲಿಸಿಕೊಳ್ಳುವುದು ಸುಲಭವೆಂದು ಅದಕ್ಕೆ ಇಶಾಡ ಮಾವು ತಿನ್ನಿಸಿದರು. ಗಿಡ್ಡ ಕುದುರೆಗೆ ಸಿಹಿ ಕೂಡದು. ತಿಂದದ್ದೆಲ್ಲ ಗೊರಸಿಗೆ ಇಳಿಯುತ್ತದೆ. ನಾಲ್ಕೇ ದಿನಕ್ಕೆ ಗೊರಸು ಕಾದ ಹಂಚಿನಂತಾಗಿ ಅದು ಹೆಜ್ಜೆ ಎತ್ತದಾಯಿತು. ಶಾಂತಾರಾಮ ದನಗಳ ದವಾಖಾನೆಗೆ ಓಡಿದ. ಡಾಕ್ಟರು ಒಳ್ಳೆಯವರು. ರಿಜಿಸ್ಟರಿನ ನಕಲು ನೋಡಿ, ಪೀಠೋಪಕರಣಕ್ಕೆ ಚುಚ್ಚುಮದ್ದು ಕೊಟ್ಟರೆ ತಮ್ಮ ನೌಕರಿ ಉಳಿಯುವುದಿಲ್ಲ ಎಂದರು. ಆಮೇಲೆ ಬಾಗಿಲ ತನಕ ಬಂದು, ಗೊರಸು ತಣ್ಣಗಿಡು, ಬೆಳೆದದ್ದನ್ನು ಕೆತ್ತಿಸು ಎಂದು ಕಿವಿಯಲ್ಲಿ ಹೇಳಿ ಒಳಗೆ ಹೋದರು.

ದುರಸ್ತಿಗೆ ಬಡಗಿಯನ್ನು ಕರೆಯಲು ನಿಯಮದಲ್ಲಿ ಅಡ್ಡಿ ಇರಲಿಲ್ಲ. ಹಾರವಾಡದಲ್ಲಿ ದೋಣಿ ಕಟ್ಟುವ ತುಳಸಿದಾಸ ಉಳಿ, ಕೊಡತಿ ಹಿಡಿದು ಬಂದ. ಅವನ ಕೈಯಲ್ಲಿದ್ದ ಆದೇಶದಲ್ಲಿ "ಅಲುಗಾಡುವ ಕಾಲು, ನಾಲ್ಕು" ಎಂದಿತ್ತು.

"ಎಂತದಾ ಇದು? ಮೇಜು ಅಂದಿದ್ರಲ್ಲಾ, ಉಸ್ರಾಡ್ತದೆ!"

"ಸರ್ಕಾರಿ ಮೇಜು ಮಾರಾಯಾ," ಎಂದ ಶಾಂತಾರಾಮ. "ನಿಧಾನ ಕೆತ್ತು. ಹೆಚ್ಚು ಕಡಿಮೆ ಆದ್ರೆ ನನ್ನ ಹನ್ನೆರಡು ವರ್ಷ ಮಣ್ಣಾಯ್ತದೆ."

ತುಳಸಿದಾಸ ಹೊಸ ದೋಣಿಯ ಮೂತಿ ಕೆತ್ತುವ ಜಾಗ್ರತೆಯಿಂದಲೇ ಕೆತ್ತಿದ. ಶಾಂತಾರಾಮ ಮೂರು ವಾರ ಮೀನುಪೇಟೆಯಿಂದ ಐಸು ಹೊತ್ತು ತಂದು ಗೊರಸಿಗಿಟ್ಟ. ಕುದುರೆ ನಡೆದ ದಿನ ಅದರ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟ.

ಅಷ್ಟರಲ್ಲಿ ಕಾರವಾರದ ಜಿಲ್ಲಾ ಕಚೇರಿಯಿಂದ ಸುತ್ತೋಲೆ ಬಂತು: "ಬಳಕೆಯಲ್ಲಿಲ್ಲದ ಪೀಠೋಪಕರಣಗಳನ್ನು ಒಡೆದು ಹರಾಜು ಹಾಕತಕ್ಕದ್ದು. ಒಡೆಯುವಾಗ ಕಾಲುಗಳನ್ನು ಬೇರೆ, ಹಲಗೆಗಳನ್ನು ಬೇರೆ ಪೇರಿಸತಕ್ಕದ್ದು." ಹತ್ತು ದಿನಕ್ಕೆ ತಪಾಸಣೆ.

ಶಾಂತಾರಾಮ ಸುತ್ತೋಲೆ ಹಿಡಿದು ಮೇಡಂ ಹತ್ತಿರ ಓಡಿದ. "ಹೆದರಬೇಡ," ಎಂದರು ಮೇಡಂ. "ಬಳಕೇಲಿ ಉಂಟು ಅಂತ ತೋರ್ಸಿದ್ರೆ ಸಾಕು. ಅದರ ಮೇಲೆ ಫೈಲಿಡು."

ಬಾಕಿ ಬಿದ್ದ ಕಡತಗಳನ್ನೆಲ್ಲ ಕುದುರೆಯ ಬೆನ್ನ ಮೇಲೆ ಪೇರಿಸಿ, ಹಿಡಿಸದೆ ಉಳಿದವನ್ನು ಅದರ ಮೂತಿಯ ಮುಂದೆ ಇಡಲಾಯಿತು. ದಿನದಿಂದ ದಿನಕ್ಕೆ ಕಡತ ಕರಗಿತು; ಮುಂದಿನದು ಮುಗಿದಂತೆ ಶಾಂತಾರಾಮ ಬೆನ್ನ ಮೇಲಿನದನ್ನು ಇಳಿಸಿ ಅಲ್ಲಿಟ್ಟ. ಮೇಡಂ ಸಹಿ ಹಾಕುತ್ತಿದ್ದಾರೆಂದು ಶಾಂತಾರಾಮ ತಿಳಿದ. ಶಾಂತಾರಾಮ ಕಾರವಾರಕ್ಕೆ ಮುಟ್ಟಿಸುತ್ತಿದ್ದಾನೆಂದು ಮೇಡಂ ತಿಳಿದರು. ಪಥ್ಯದಲ್ಲಿದ್ದ ಕುದುರೆಗೆ ಒಣಹುಲ್ಲಿಗೂ ಹಳೆಯ ಕಾಗದಕ್ಕೂ ಅಂಥ ವ್ಯತ್ಯಾಸ ಕಂಡಿರಲಿಲ್ಲ.

ತಪಾಸಣಾಧಿಕಾರಿಗಳು ಬಂದಾಗ ಕೊನೆಯ ಕಡತದ ಕೆಂಪು ದಾರ ಕುದುರೆಯ ತುಟಿಯಲ್ಲಿ ನೇತಾಡುತ್ತಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ಬರೆದರು: "ಬಾಕಿ ಕಡತ: ಸೊನ್ನೆ. ಜಿಲ್ಲೆಯಲ್ಲೇ ಪ್ರಥಮ. ಇಂಥ ಮೇಜನ್ನು ಎಲ್ಲ ಕಚೇರಿಗಳಿಗೂ ಒದಗಿಸುವುದು ಸೂಕ್ತ."

"ಮೇಡಂ, ನನ್ನ ಖಾಯಂ ಫೈಲು?" ಎಂದ ಶಾಂತಾರಾಮ.

"ವಿಲೇವಾರಿ ಆಯ್ತಲ್ಲ."

"ಆಗಿ ಎಂತ ಆಯ್ತು? ಹೌದೋ, ಅಲ್ವೋ?"

"ಅದು ಫೈಲಿನಲ್ಲಿತ್ತು."

"ಹನ್ನೆರಡು ವರ್ಷ ಮೇಡಂ! ನಾನೇ ಕೈಯಾರೆ ಅದರ ಬಾಯಿಗಿಟ್ಟೆ!"

ಅವನು ನಿಂತಲ್ಲೇ ಕುಸಿದದ್ದು ಕಂಡು ಅಧಿಕಾರಿಗಳಿಗೆ ಕನಿಕರ ಬಂತು. ಈ ಮೇಜು ಇವನಿಲ್ಲದೆ ಕೆಲಸ ಮಾಡದು ಎಂಬುದನ್ನೂ ಗಮನಿಸಿದರು. ಬೀಗದ ಜೊತೆ ಕೀಲಿಯನ್ನೂ ಮೇಜಿನ ಜೊತೆ ಡ್ರಾಯರನ್ನೂ ದಾಖಲಿಸುವ ಪದ್ಧತಿ ಇದ್ದೇ ಇತ್ತು. ಹೊಸ ಹುದ್ದೆಗೆ ಮಂಜೂರಾತಿ ಬೇಕು; ಬಿಡಿಭಾಗಕ್ಕೆ ಬೇಡ. ಅಲ್ಲೇ ನಿಂತು ರಿಜಿಸ್ಟರಿನಲ್ಲಿ ಬರೆಸಿದರು: "ಕುದುರೆ, ಒಂದು. ಅದರೊಂದಿಗೆ ಶಾಂತಾರಾಮ, ಒಂದು. ಸ್ಥಿತಿ: ಉಪಯೋಗಕ್ಕೆ ಯೋಗ್ಯ." ಮೊಹರೂ ಬಿತ್ತು. ಶಾಂತಾರಾಮ ಆ ಸಾಲನ್ನು ಎರಡೆರಡು ಸಲ ಓದಿದ. ಸರ್ಕಾರಿ ರಿಜಿಸ್ಟರಿನಲ್ಲಿ ಅವನ ಹೆಸರು ಬಿದ್ದದ್ದು ಅದೇ ಮೊದಲು.

"ಖಾಯಂ ಆಯ್ತಾ?" ಮನೆಯ ಬಾಗಿಲಲ್ಲೇ ಕೇಳಿದಳು ಬೊಮ್ಮಿ.

"ಆಯ್ತು. ಇನ್ನು ನನ್ನ ಒಡೀಬೇಕಾದ್ರೂ ಕಾರವಾರದಿಂದ್ಲೇ ಆರ್ಡರ್ ಬರಬೇಕು."

ಬೊಮ್ಮಿಗೆ ಕಣ್ಣು ತುಂಬಿ ಬಂತು. ಕೇರಿಗೆಲ್ಲ ಪಾಯಸ ಹಂಚಿದಳು.