ರಾಣಿ ಮೀನಿನ ಪಾರಣೆ

ವಡೋದರಾದ ನಮ್ಮ ಫ್ಲಾಟಿನಲ್ಲಿ ಗೋಡೆಗೆ ಒಂದು ಮೊಳೆ ಹೊಡೆದರೂ ಸಾಕು, ಅದು ಇಡೀ ಸೊಸೈಟಿಯ ಕಾರ್ಯಕ್ರಮವಾಗಿಬಿಡುತ್ತದೆ. ನಮ್ಮ ಮನೆಯವರು ಕೊಯಾಲಿ ಕಡೆಯ ರಿಫೈನರಿ ಕೆಲಸದಿಂದ ನಿವೃತ್ತರಾಗಿ, ಟೌನ್‌ಶಿಪ್ ಬಿಟ್ಟು ಇಲ್ಲಿಗೆ ಬಂದಾಗಿನಿಂದ ಇದೇ ಕಥೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ. ಮಾಡಿದವಳು. ಕಂಡದ್ದನ್ನು ತಾರೀಖು ಹಾಕಿ ಬರೆದಿಡುವುದು ಕಾಲೇಜಿನಿಂದ ಬಂದ ಅಭ್ಯಾಸ. ಆದ್ದರಿಂದ ಕೆಳಗೆ ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇದ್ದರೆ ಅದು ನೆರೆಹೊರೆಯವರದು.

೧. ಉಣ್ಣದ ಅತಿಥಿ

ನಿವೃತ್ತಿಯ ಮೇಲೆ ಎಲ್ಲರ ಗಂಡಂದಿರು ವಾಕಿಂಗ್ ಹೋದರೆ ನಮ್ಮವರು ಹಾಲ್‌ನಲ್ಲಿ ಸಮುದ್ರ ಮಾಡಿದರು. ದೊಡ್ಡ ಗಾಜಿನ ತೊಟ್ಟಿ, ಉಪ್ಪುನೀರು, ಕಲ್ಲು, ಹವಳ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಹಮದಾಬಾದಿನಿಂದ ಅದಕ್ಕೊಂದು ಮ್ಯಾಂಡರಿನ್ ಮೀನೂ ಬಂತು. ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಗೆರೆಗಳು. ಪಟೋಲಾ ಸೀರೆ ಉಟ್ಟು ಮದುವೆಗೆ ಹೊರಟಂತಿತ್ತು. ಮೊಮ್ಮಗಳು 'ರಾಣಿ' ಎಂದು ಹೆಸರಿಟ್ಟಳು.

ಅಂಗಡಿಯವನು "ಸಬ್ ಕುಛ್ ಖಾತಾ ಹೈ" ಎಂದು ಮಾರಿದ್ದ. ರಾಣಿ ಏನನ್ನೂ ಮುಟ್ಟಲಿಲ್ಲ. ಗುಳಿಗೆ ಹಾಕಿದರೆ ಪಕ್ಕಕ್ಕೆ ಸರಿಯಿತು. ಫ್ರಿಜ್‌ನ ಸಿಗಡಿ ಹಾಕಿದರೆ ಬೆನ್ನು ತೋರಿಸಿತು. ಮೊಮ್ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು, "ಅಜ್ಜಿ, ರಾಣಿ ಪಾತಳಿ ಥಈ ಗಈ!" ಎಂದಳು. ಅವಳಿಗೆ ಅಳು ಬಂದರೆ ಕನ್ನಡ ಬರುವುದಿಲ್ಲ. ನೋಡಿದೆ, ನಿಜ, ಮೀನು ಸೊರಗಿತ್ತು.

ಓದಿ ತಿಳಿದುಕೊಂಡೆ. ಈ ಜಾತಿ ತಿನ್ನುವುದು ಜೀವಂತ ಹುಳುಗಳನ್ನು ಮಾತ್ರ, ಅದೂ ಗಸಗಸೆಗಿಂತ ಸಣ್ಣವನ್ನು. ಅವು ಸಿಗದಿದ್ದರೆ ಸಾಯುತ್ತದೆ.

ಆಗ ಪರ್ಯೂಷಣದ ದಿನಗಳು. ನಮ್ಮ ಕಟ್ಟಡದ ಜೈನರ ಮನೆಗಳಲ್ಲೆಲ್ಲ ಉಪವಾಸ ನಡೆದಿತ್ತು. ಇಲ್ಲಿ ಯಾವ ಹೆಂಗಸನ್ನೂ 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವುದು. ಎದುರು ಮನೆಯ ಬೆನ್ ಬಂದವರು ವಿಷಯ ಕೇಳಿ ತೊಟ್ಟಿಯ ಮುಂದೆ ಕೈಮುಗಿದರು. "ಎಷ್ಟು ದಿನದಿಂದ ತಿಂದಿಲ್ಲ? ಆಹಾ, ತಪಸ್ವಿ!" ಎಂದವರೇ ಹೋಗಿ ಸೊಸೆಯನ್ನು ಕರೆತಂದು ಮೀನಿನ ಎದುರು ನಿಲ್ಲಿಸಿದರು. "ನೋಡು. ನೀನು ಎರಡನೇ ದಿನಕ್ಕೇ ಖಾಖ್ರಾ ಡಬ್ಬಿ ತೆಗೆದೆ. ಈ ಮೀನಿಗಿರುವ ಮರ್ಯಾದೆ ನಿನಗಿಲ್ಲವೆ?"

೨. ಬೇರೆ ಡಿಪಾರ್ಟ್‌ಮೆಂಟ್

ಪರಿಹಾರ ಒಂದೇ: ರೆಫ್ಯೂಜಿಯಮ್. ಅಂದರೆ ದೊಡ್ಡ ತೊಟ್ಟಿಗೆ ಜೋಡಿಸಿದ ಒಂದು ಚಿಕ್ಕ ತೊಟ್ಟಿ. ಅದರಲ್ಲಿ ಕಡಲಪಾಚಿ ಬೆಳೆಯುತ್ತದೆ, ಪಾಚಿಯೊಳಗೆ ಹುಳುಗಳು ನಿಶ್ಚಿಂತೆಯಾಗಿ ಸಂಸಾರ ಮಾಡುತ್ತವೆ. ಅಲ್ಲಿಗೆ ಮೀನುಗಳಿಗೆ ಪ್ರವೇಶವಿಲ್ಲ. ಹೆಚ್ಚಾದ ಹುಳುಗಳು ನೀರಿನ ಜೊತೆ ಕೊಳವೆಯಲ್ಲಿ ಹರಿದು ಬಂದು ಮೀನಿಗೆ ಊಟವಾಗುತ್ತವೆ.

ಮನೆಯವರಿಗೆ ಹತ್ತು ವರ್ಷ ವಯಸ್ಸು ಇಳಿಯಿತು. ನಕ್ಷೆ ಬರೆದರು. ಕೊಳವೆಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿದರು. ಮೊಮ್ಮಗಳು ನೀರಿಗೆ ಕೈಹಾಕಬೇಕಾದರೆ ಪರ್ಮಿಟ್ ತೆಗೆದುಕೊಳ್ಳಬೇಕಾಯಿತು. ದೊಡ್ಡ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರಿಸಲು ಮಕರಪುರದ ವರ್ಕ್‌ಶಾಪಿನಲ್ಲಿ ಚಿಕ್ಕ ತೊಟ್ಟಿ ಮಾಡಿಸಿದರು.

ತೊಟ್ಟಿ ಬಂತು. ಕಪಾಟಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ಓರೆ ಹಿಡಿದರು.

"ಏನ್ರೀ, ಬಾಗಲದ ಅಳತಿ ತಗೊಂಡಿದ್ರಿಲ್ಲೋ?" ಎಂದೆ.

"ಒಳಗಿನ ಅಳತಿ ಕರೆಕ್ಟ್ ಅದ. ಬೇಕಾದ್ರ ನೀನ ನೋಡು. ಕೂತ್ರ ಒಂದು ಕೂದಲೆಳಿ ಹೆಚ್ಚುಕಮ್ಮಿ ಆಗೂದಿಲ್ಲ."

"ಕೂಡೂದು ಖರೆ. ಒಳಗ ಹೋಗೂದು ಹೆಂಗ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಬ್ಯಾರೆ ಡಿಪಾರ್ಟ್‌ಮೆಂಟು."

೩. ನೇರಳೆ ಬೆಳಕು

ಕೊನೆಗೆ ಚಿಕ್ಕ ತೊಟ್ಟಿ ಕಿಟಕಿಯ ಪಕ್ಕ, ದೊಡ್ಡ ತೊಟ್ಟಿಗಿಂತ ಎತ್ತರದ ಹಲಗೆಯ ಮೇಲೆ ಕೂತಿತು. ಮೇಲಿಂದ ನೀರು ತಾನಾಗಿ ಇಳಿಯುವುದೇ ಒಳ್ಳೆಯದು, ಹುಳುಗಳು ಪಂಪಿನ ರೆಕ್ಕೆಗೆ ಸಿಗುವುದಿಲ್ಲ. ನಾನು ಮೊದಲೇ ಹೇಳಿದ್ದು ಅದನ್ನೇ. ಬರೆದೂ ಇಟ್ಟಿದ್ದೇನೆ.

ಪಾಚಿಗೆ ಸಂಜೆಯಿಂದ ನೇರಳೆ ದೀಪ. ಹುಳುಗಳ ಊಟಕ್ಕೆಂದು ಪಕ್ಕದಲ್ಲಿ ಬಾಟಲಿಗಳ ಸಾಲು. ಅವುಗಳಲ್ಲಿ ಹಸಿರು ನೀರು ಗುಳುಗುಳು ಎನ್ನುತ್ತಿತ್ತು. ಇದೆಲ್ಲ ಕೆಳಗೆ ಗೇಟಿನವರೆಗೂ ಕಾಣುತ್ತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ.

ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಬಂದರು. ಗ್ರೂಪಿನಲ್ಲಿ ಮಾತು ಬಂದಿದೆಯಂತೆ, 'ಸೌತ್‌ನವರ ಮನೆಯಲ್ಲಿ ಏನೋ ತಯಾರಾಗುತ್ತಿದೆ' ಎಂದು. ಅವರು ಬಾಟಲಿಗಳನ್ನು ನೋಡಿದರು. ಬಗ್ಗಿ ಮೂಸಿದರು. ಮದ್ಯ ನಿಷೇಧವಿರುವ ರಾಜ್ಯದಲ್ಲಿ ಗುಳುಗುಳು ಸದ್ದಿಗೆ ಬೇರೆಯೇ ಅರ್ಥವಿದೆ.

ನಾನು ಬಿಡಲಿಲ್ಲ. ಕೂರಿಸಿ, ಪಾಚಿ ಎಂದರೇನು, ಬೆಳಕಿನಿಂದ ಅದು ಹೇಗೆ ಆಹಾರ ತಯಾರಿಸುತ್ತದೆ, ಕೊಳೆಯನ್ನು ಹೇಗೆ ಹೀರುತ್ತದೆ, ಎಲ್ಲವನ್ನೂ ಚಿತ್ರ ಬರೆದು ವಿವರಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಆಚೆ ಈಚೆ ನೋಡಿ, ದನಿ ತಗ್ಗಿಸಿದರು.

"ಎಲ್ಲ ಸರಿ ಬೆನ್. ನನ್ನೊಬ್ಬನಿಗೆ ನಿಜ ಹೇಳಿ, ಯಾವಾಗ ತಯಾರಾಗುತ್ತೆ?"

೪. ಪಾಂಜರಾಪೋಳ

ಎದುರು ಮನೆಯ ಬೆನ್ ಮಾತ್ರ ನನ್ನ ವಿವರಣೆಯನ್ನು ಒಂದೇ ಸಲಕ್ಕೆ ಹಿಡಿದರು. "ಸಣ್ಣ ಜೀವಗಳಿಗೆ ಆಶ್ರಯ. ದೊಡ್ಡ ಮೀನುಗಳು ಬಂದು ತಿನ್ನದ ಹಾಗೆ," ಎಂದೆ.

"ಅಂದರೆ ಪಾಂಜರಾಪೋಳ!" ಎಂದು ಕೈ ಹಿಡಿದುಕೊಂಡರು.

ಗುಜರಾತಿನಲ್ಲಿ ಮುದಿ ದನ, ಕುಂಟು ಕುದುರೆ, ರೆಕ್ಕೆ ಮುರಿದ ಪಾರಿವಾಳ ಇವನ್ನೆಲ್ಲ ಸಾಯುವವರೆಗೂ ಸಾಕುವ ಜೀವದಯೆಯ ಕೊಟ್ಟಿಗೆಗಳಿಗೆ ಪಾಂಜರಾಪೋಳ ಎನ್ನುತ್ತಾರೆ. ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ನಕ್ಕೆ. ಮರುದಿನದಿಂದ ಹೆಂಗಸರು ನೋಡಲು ಬರತೊಡಗಿದರು. ಸೂರತ್‌ನಿಂದ ಬೆನ್‌ನ ನಾದಿನಿಯೂ ಬಂದು ಭೂತಗನ್ನಡಿ ಹಿಡಿದು ದರ್ಶನ ಪಡೆದರು. ಬೆನ್ ಅಂತೂ ದಿನಾ ಬರುತ್ತಿದ್ದರು. ನಾನು ಚಹಾ ಮಾಡುವಾಗ ಸ್ಟೂಲು ಹತ್ತಿ ಹುಳುಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಒಬ್ಬರು ಹುಂಡಿ ಎಲ್ಲಿ ಎಂದು ಕೇಳಿದರು. ನಮ್ಮವರು ಹುಂಡಿಗೂ ನಕ್ಷೆ ಬರೆಯಲು ಶುರುಮಾಡಿದರು.

೫. ಇನ್ನೂ ಒದ್ದೆ

ಹುಳುಗಳು ಸಾವಿರಗಟ್ಟಲೆ ಹೆಚ್ಚಿದವು. ಉಪ್ಪು ಸರಿ, ಶಾಖ ಸರಿ, ನನ್ನ ದಾಖಲೆಯಲ್ಲಿ ಎಲ್ಲವೂ ಸರಿ. ರಾಣಿ ಮಾತ್ರ ಇನ್ನೂ ಸೊರಗುತ್ತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮೊಮ್ಮಗಳು ಶಾಲೆಯಿಂದ ಬಂದರೆ ತೊಟ್ಟಿಯ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು.

ಕೊನೆಗೆ ನಾನೇ ಸ್ಟೂಲು ಹತ್ತಿದೆ. ಮೇಲಿನ ತೊಟ್ಟಿಯ ಕೊಳವೆಯ ಬಾಯಿಗೆ ಬಿಳಿ ಬಟ್ಟೆ. ಯಾರೋ ನೀಟಾಗಿ ಮಡಚಿ, ದಾರ ಸುತ್ತಿ ಕಟ್ಟಿದ್ದರು. ಗಳಣು! ಕುಡಿಯುವ ನೀರಿನಲ್ಲಿ ಒಂದು ಜೀವವೂ ಹೋಗದಿರಲೆಂದು ಜೈನರು ಸೋಸುವ ಬಟ್ಟೆ.

ಅಷ್ಟರಲ್ಲಿ ಬೆನ್ ಬಂದರು. "ನೋಡಿದಿರಾ? ನಿಮ್ಮ ಪಾಂಜರಾಪೋಳಕ್ಕೆ ತೂತಿತ್ತು! ಪಾಪ, ಜೀವಗಳೆಲ್ಲ ಜಾರಿ ನೇರ ಮೀನಿನ ಬಾಯಿಗೆ. ನಾನು ಕಟ್ಟಿಬಿಟ್ಟೆ."

ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ಏ ತೋ ರಾಣೀನುಂ ಜಮವಾನುಂ ಛೆ! ಅದೇ ರಾಣಿ ಊಟ!"

ಬೆನ್ ನನ್ನ ಮುಖ ನೋಡಿದರು. "ಹಾಗಾದರೆ ಇದರ ಉಪವಾಸ?"

"ಉಪವಾಸ ಅಲ್ಲ ಬೆನ್," ಎಂದೆ. "ಹಸಿವು."

ಅವರು ಕೂತುಬಿಟ್ಟರು. ಮೇಲೆ ನೋಡಿದರು, ಸಾವಿರಾರು ಜೀವ. ಕೆಳಗೆ ನೋಡಿದರು, ಒಂದು ಜೀವ, ಅದೂ ಎಲುಬು ಬಿಟ್ಟುಕೊಂಡು. "ಬಿಚ್ಚಿ ಎಂದರೂ ನನಗೆ ಪಾಪ, ಕಟ್ಟಿಟ್ಟರೂ ಪಾಪ," ಎಂದರು. ಚಹಾ ಆರಿಹೋಯಿತು.

ಪೇಪರಿನ ಹಿಂದಿನಿಂದ ನಮ್ಮವರು ಹಿಂದಿಯಲ್ಲಿ ಹೇಳಿದರು: "ಫಿಲ್ಟರ್ ಅಂದಮೇಲೆ ಆಗಾಗ ಬಿಚ್ಚಿ ತೊಳೆಯಬೇಕು. ಪ್ಲಾಂಟಿನ ನಿಯಮ."

ಬೆನ್‌ನ ಮುಖ ಅರಳಿತು. "ಹೌದಲ್ಲ! ಗಳಣು ತೊಳೆಯದೆ ಇಡುವುದೇ ತಪ್ಪು!" ಸ್ಟೂಲು ಹತ್ತಿದರು, ಬಟ್ಟೆ ಬಿಚ್ಚಿದರು, ಮಗುಚಿ ಅದೇ ನೀರಿನಲ್ಲಿ ಜಾಲಿಸಿ ಅಂಟಿದ ಹುಳುಗಳನ್ನೆಲ್ಲ ಪಾಚಿಗೆ ಸೇರಿಸಿದರು. "ಒಣಗಿದ ಕೂಡಲೇ ತಂದು ಕಟ್ಟುತ್ತೇನೆ," ಎಂದು ತೊಟ್ಟಿಯ ಕಡೆ ನೋಡದೆ ಮನೆಗೆ ನಡೆದರು.

ಆ ಸಂಜೆಯೇ ರಾಣಿ ಕೊಳವೆಯ ಕೆಳಗೆ ನಿಂತು ಟುಕ್ ಟುಕ್ ಎಂದು ಹೆಕ್ಕತೊಡಗಿತು. ಈಗ ಅದಕ್ಕೆ ಗುಂಡನೆಯ ಹೊಟ್ಟೆ ಬಂದಿದೆ. ಸುದ್ದಿ ತಿಳಿದ ಮರುದಿನವೇ ಬೆನ್ ಬಟ್ಟಲು ತುಂಬ ಹೆಸರುಕಾಳಿನ ಕಟ್ಟು ಕಳಿಸಿದ್ದರು, ತಪಸ್ವಿಯ ಪಾರಣೆಗೆ. ನಮ್ಮವರು ಕುಡಿದರು.

ಗಳಣು ಅವರ ಬಾಲ್ಕನಿಯ ಹಗ್ಗದ ಮೇಲಿದೆ. ಮಳೆಗಾಲ ಮುಗಿಯಿತು, ಚಳಿಗಾಲ ಕಳೆಯಿತು. ಈಗ ವಡೋದರಾದ ಮೇ ತಿಂಗಳು. ಹಪ್ಪಳ ಹರಡಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಒಣಗುತ್ತದೆ. ಮೊನ್ನೆ ಕೇಳಿದೆ, "ಬೆನ್, ಗಳಣು?"

ಅವರು ಎರಡು ಬೆರಳಲ್ಲಿ ಬಟ್ಟೆಯನ್ನು ಮುಟ್ಟಿ ನೋಡಿ, ಗಂಭೀರವಾಗಿ ತಲೆಯಲ್ಲಾಡಿಸಿದರು.

"ಇನ್ನೂ ಒದ್ದೆ."